ಅಮಾಸಿ ಬಿಲ್ಲೆ

ಹಿರೇಗುಡ್ಡದ ಗಣಿಯಲ್ಲಿ ಕೆಳಗಿಳಿಯಲು ಯಾರ ಅಪ್ಪಣೆಯೂ ಬೇಡ. ಕೇಜಿನೊಳಗೆ, ಆ ಕಬ್ಬಿಣದ ಪಂಜರದೊಳಗೆ, ನಿಂತು ಬಾಗಿಲೆಳೆದುಕೊಂಡರೆ ಸಾಕು, ಕಲ್ಲು ಬಿದ್ದಂತೆ ಇಳಿಯುತ್ತದೆ. ಮೇಲೆ ಬರಲು ಮಾತ್ರ ಮಾತು ಬೇಕು. ಮ್ಯಾನೇಜರನ ಬಾಯಿಂದ, ಅವನ ಉಸಿರಿನ ಗುರುತಿನೊಂದಿಗೆ ಹೊರಟ ಒಂದು ಮಾತು. ಪಾಳಿ ಮುಗಿಯುವ ಮೊದಲು ಯಾರೂ ಕದ್ದು ಮೇಲೆ ಬರಬಾರದೆಂದು ಕಂಪನಿ ಮಾಡಿಟ್ಟ ಏರ್ಪಾಡು ಅದು.

ನನ್ನ ತಮ್ಮ ದುರುಗಪ್ಪ ಆ ಒಂದು ಮಾತಿಗೆ ಕಾಯುತ್ತ ನೀರಿನಲ್ಲಿ ಮುಳುಗಿದ. ಅವನ ಜೊತೆ ಇನ್ನೂ ಐವರು.

ಮಾತಿಗೆ ಇಷ್ಟು ಬೆಲೆ ಬಂದದ್ದು ನನ್ನ ತಾಯಿಯ ಕಾಲದಲ್ಲಿ. ಯಂತ್ರಗಳು ಯಾರ ಸಹಿಯನ್ನಾದರೂ, ಯಾರ ಮುಖವನ್ನಾದರೂ, ಯಾರ ದನಿಯನ್ನಾದರೂ ಕ್ಷಣದಲ್ಲಿ ಹುಟ್ಟಿಸತೊಡಗಿದಾಗ ಕಾಗದವನ್ನು ನಂಬುವವರಿಲ್ಲವಾದರು, ಚಿತ್ರವನ್ನು ನಂಬುವವರಿಲ್ಲವಾದರು. ಕೊನೆಗೆ ಉಳಿದದ್ದು ಉಸಿರು. ಮಾತಾಡುವಾಗ ನಮ್ಮ ಬಾಯಿ ಗಾಳಿಯಲ್ಲಿ ಎಬ್ಬಿಸುವ ಸಣ್ಣ ಸುಳಿಗಳು ಒಬ್ಬರ ಹಾಗೆ ಇನ್ನೊಬ್ಬರದು ಇರುವುದಿಲ್ಲ, ಅವನ್ನು ಬದುಕಿರುವ ಎದೆಯಷ್ಟೇ ಎಬ್ಬಿಸಬಲ್ಲದು. ಊರೂರಿಗೊಂದು ಮಾತುಮನೆ ಬಂತು. ಪ್ರತಿಯೊಬ್ಬರಿಗೂ ಮನೆಯಲ್ಲಿ ಅದರ ಯಂತ್ರಕ್ಕೆ ಜೋಡಿಸಿದ ಒಂದು ಪೆಟ್ಟಿಗೆ. ಸಂಬಳ, ಸಾಲ, ಮದುವೆ, ಅಪ್ಪಣೆ, ಎಲ್ಲವೂ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುವ ಮಾತಿನಲ್ಲೇ.

ಮಾತು ಬಂದರೆ ಗಂಟೆ ಬಾರಿಸುತ್ತದೆ. ಪೂರ್ತಿ ಕೇಳಿ, ಕೊನೆಗೆ ನಮ್ಮದೇ ದನಿಯಲ್ಲಿ "ಕೇಳಿದೆ" ಅನ್ನಬೇಕು. ಅಂದರೆ ಕಳಿಸಿದವರ ಕಡೆ ಹಸಿರು ದೀಪ ಹತ್ತುತ್ತದೆ. ಅನ್ನದಿದ್ದರೆ ಗಂಟೆ ನಿಲ್ಲುವುದಿಲ್ಲ, ದಿನ ದಿನವೂ ಬಾರಿಸುತ್ತದೆ. ಕೆಲಸದ ಮಾತಾಗಿದ್ದರೆ ಗಂಟೆಯ ಜೊತೆ ಮಾತೂ ತಾನಾಗಿ ಕೇಳಿಸುತ್ತದೆ, ಪೆಟ್ಟಿಗೆಗೇ ಬೀಗ ಬೀಳುತ್ತದೆ. ಬೀಗ ಬಿದ್ದವನ ಮಾತಿಗೆ ಬಾಗಿಲು ತೆರೆಯುವುದಿಲ್ಲ, ಕೇಜು ಏಳುವುದಿಲ್ಲ, ಕ್ಯಾಂಟೀನಿನಲ್ಲಿ ಚಹಾ ಕೂಡ ಸಿಗುವುದಿಲ್ಲ.

ಹಿರೇಗುಡ್ಡದ ಮಾತುಮನೆಯ ಇಂಜಿನಿಯರ್ ನಾನು, ಹನುಮಂತಿ.

*

"ಆ ದಿನ ನನ್ನ ಪೆಟ್ಟಿಗೆಗೆ ಕೆಳಗಿನಿಂದ ಒಂದೂ ಮಾತು ಬರಲಿಲ್ಲ," ಎಂದ ಮ್ಯಾನೇಜರ್ ಸುಧನ್ವ ರಾವ್.

ವಿಚಾರಣೆಯ ಮೊದಲ ದಿನವದು, ಎದುರಿಗೆ ಕೂತ ವಿಚಾರಣಾಧಿಕಾರಿ ಹೆಂಗಸು. ರಾವ್ ದೊಡ್ಡ ಊರಿನ ಮುಖ್ಯ ಕಚೇರಿಯಿಂದ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಅವನ ದನಿ ಚೆನ್ನಾಗಿತ್ತು, ರೇಡಿಯೋದಲ್ಲಿ ಹವಾಮಾನ ಓದುವವರ ದನಿಯಂತೆ.

"ಬಂದಿದ್ದರೆ ಆ ಕ್ಷಣವೇ ಕೇಜು ಮೇಲೆತ್ತಿಸ್ತಿದ್ದೆ. ಮಾತುಮನೆಯ ಯಂತ್ರ ಕೆಟ್ಟಿತ್ತು, ಮೇಡಂ. ಸೈರನ್ ಆದಮೇಲೆ ನಾನೇ ಅಲ್ಲಿಗೆ ಹೋದೆ. ಅಲ್ಲಿ ಒಬ್ಬರೂ ಇರಲಿಲ್ಲ. ಬಿಲ್ಲೆ ನೆಲದ ಮೇಲೆ ಒಡೆದು ಬಿದ್ದಿತ್ತು."

ಬಿಲ್ಲೆ ಅಂದರೆ ಅಂಗೈಯಗಲದ ಗಾಜು. ಯಂತ್ರದೊಳಗೆ ಹರಿದುಹೋಗುವ ಪ್ರತಿ ಮಾತೂ ಅದರ ಮೇಲೆ ಕೂದಲಿಗಿಂತ ತೆಳುವಾದ ಗೆರೆಯಾಗಿ ಕೂರುತ್ತದೆ. ಯಂತ್ರ ಸತ್ತರೆ ಬಿಲ್ಲೆಯಿಂದ ಮತ್ತೆ ಎಬ್ಬಿಸಬಹುದು. ಅಲ್ಲಿ ಯಾರೂ ಇರಲಿಲ್ಲವೆಂಬುದು ನಿಜವೇ. ಸೈರನ್ ಕೂಗಿದಾಗ ನಾನು ಗಣಿಯ ಬಾಯಿಗೆ ಓಡಿದ್ದೆ, ತಮ್ಮ ಕೆಳಗಿದ್ದ. ತಿರುಗಿ ಬಂದಾಗ ಗಾಜಿನ ಚೂರುಗಳ ಮೇಲೆ ಬೂಟಿನ ಹಿಮ್ಮಡಿಯ ಗುರುತಿತ್ತು.

ಅದನ್ನು ಹೇಳಿದೆ. ವಿಚಾರಣಾಧಿಕಾರಿ ಕನ್ನಡಕ ತೆಗೆದು, "ನೀವು ಸತ್ತವನ ಅಕ್ಕ ಅಲ್ವೇನಮ್ಮ," ಎಂದರು. ಅಷ್ಟೇ.

ಯಂತ್ರದೊಳಗೂ ಹುಡುಕಿದೆ. ಮ್ಯಾನೇಜರ್ ದರ್ಜೆಯವರು ತಮ್ಮ ಪೆಟ್ಟಿಗೆಯ ಮಾತನ್ನು ಅದೇ ದಿನ ಅಳಿಸಬಹುದು, ಅದು ಅವರ ಹಕ್ಕು. ಅಳಿಸಿದ ಜಾಗದಲ್ಲಿ ಗಾಯದ ಗುರುತೂ ಉಳಿಯುವುದಿಲ್ಲ.

ಕಾಲನಿಯಲ್ಲಿ ನಳದ ಹತ್ತಿರ ಹೆಂಗಸರು ನನ್ನ ಕೊಡಕ್ಕೆ ಜಾಗ ಬಿಟ್ಟರು. ಗೌರವದಿಂದಲ್ಲ. ಮೈ ತಾಕದಿರಲಿ ಅಂತ.

*

ಮನೆಯಲ್ಲಿ ಅವ್ವ ನನ್ನ ಜೊತೆ ಮಾತು ಬಿಟ್ಟಳು.

ನಮ್ಮ ಕಾಲನಿಯಲ್ಲಿ ಸತ್ತವರ ಪೆಟ್ಟಿಗೆಯನ್ನು ವರ್ಷದವರೆಗೆ ಮುಚ್ಚುವುದಿಲ್ಲ. ಉಳಿದವರು ಅದರೊಳಗೆ ಮಾತು ಬಿಡುತ್ತಾರೆ. ತೆಗೆಯಲು ಸತ್ತವನ ದನಿಯೇ ಬೇಕು, ಹಾಗಾಗಿ ಅದು ಒಳಗೆ ಹೋಗಲಷ್ಟೇ ಇರುವ ಬಾಗಿಲು. ಅವ್ವ ದಿನಾ ಕೋಣೆಯ ಕದ ಓರೆಮಾಡಿ ದುರುಗಪ್ಪನಿಗೆ ಮಾತಾಡುತ್ತಿದ್ದಳು. ನನಗೆ ರೊಟ್ಟಿ ಬಡಿದು ತಾಟಿಗೆ ಹಾಕುವಾಗ ಬಿಗಿದುಕೊಂಡಿರುತ್ತಿದ್ದ ಬಾಯಿ ಅಲ್ಲಿ ತೆರೆಯುತ್ತಿತ್ತು. ಒಮ್ಮೆ ಕದದ ಸಂದಿಯಲ್ಲಿ ನನ್ನ ಹೆಸರು ಕೇಳಿಸಿತು. "ನಿಮ್ಮಕ್ಕ ಹನುಮಂತಿ ಅದಾಳಲ್ಲ…" ಎಂದಳು. ಮುಂದಿನದು ನನ್ನ ಕಿವಿಗೆ ಬೀಳುವ ಮೊದಲೇ ಕದ ಪೂರ್ತಿ ಮುಚ್ಚಿತು.

ನನ್ನ ಯಂತ್ರ ಅವನನ್ನು ಕೊಂದಿತೆಂದು ನಂಬಿದ್ದಳೋ? ನನ್ನನ್ನು ಶಪಿಸುತ್ತಿದ್ದಳೋ? ಅದನ್ನು ಕೇಳಿ ತಿಳಿಯುವ ಧೈರ್ಯ ಬರುವುದರೊಳಗೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ದನಿ ಹೋಯಿತು. ಅವಳ ಕೊನೆಯ ಮಾತುಗಳೆಲ್ಲ ಈಗ ತಮ್ಮನ ಪೆಟ್ಟಿಗೆಯಲ್ಲಿ, ನಾನೇ ನಡೆಸುವ ಯಂತ್ರದೊಳಗೆ, ನನಗೆ ತೆರೆಯಲಾಗದ ಬೀಗದ ಹಿಂದೆ ಇದ್ದವು.

*

ಇಮಾಂಬಿ ನನಗಿಂತ ಹಿರಿಯಳು. ಮಾತುಮನೆಯಲ್ಲಿ ಬಿಲ್ಲೆ ಹಾಕುವ, ತೆಗೆಯುವ ಕೆಲಸ ಅವಳದು. ಗಂಡ ದಸ್ತಗೀರ್ ದುರುಗಪ್ಪನ ಪಕ್ಕದಲ್ಲೇ ಸತ್ತಿದ್ದ. ಆಮೇಲೆ ಅವಳು ಕೆಲಸಕ್ಕೆ ಬಂದಿರಲಿಲ್ಲ. ಒಂದು ಮಧ್ಯಾಹ್ನ ಬಂದವಳೇ ಉಡಿಯಿಂದ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟಳು.

"ಬಿಚ್ಚಬೇ."

ಬಿಚ್ಚಿದೆ. ಕುಂಕುಮ, ಎಣ್ಣೆ, ಒಣಗಿದ ಚೆಂಡುಹೂವಿನ ಎಸಳು. ಅವುಗಳ ನಡುವೆ ಗಾಜಿನ ಬಿಲ್ಲೆ.

ನನ್ನ ಕೈ ನಿಂತುಹೋಯಿತು. ಗಣಿಯವರು ಅಮಾವಾಸ್ಯೆಯ ದಿನ ಇಳಿಯುವುದಿಲ್ಲ, ಅದು ಗುಡ್ಡದವ್ವನ ದಿನ. ಯಂತ್ರಕ್ಕೂ ಆ ದಿನ ಪೂಜೆ. ಮಾತುಮನೆಯಲ್ಲಿ ಅಮಾವಾಸ್ಯೆಗೆ ಎರಡು ಬಿಲ್ಲೆ ಹಾಕುವ ರೂಢಿ: ಒಂದು ಕಂಪನಿಗೆ, ಒಂದು ಗುಡ್ಡದವ್ವಗೆ. ಎರಡನೆಯದನ್ನು ಸಂಜೆ ಗಣಿ ಬಾಯಿಯ ಗುಡಿಯಲ್ಲಿ ಅವಳ ಪಾದದ ಹತ್ತಿರ ಇಟ್ಟು ಬರುತ್ತಾರೆ. ರಾವ್ ಬಂದಮೇಲೆ ಅಮಾವಾಸ್ಯೆಯ ರಜೆ ತೆಗೆದುಹಾಕಿದ. ಕೆಲಸ ಹೋದೀತೆಂಬ ಹೆದರಿಕೆಯಿಂದ ಜನ ಇಳಿದರು. ಅವರು ಸತ್ತದ್ದೂ ಅಮಾವಾಸ್ಯೆಯಂದೇ. ಆದರೆ ಆ ಬೆಳಿಗ್ಗೆಯೂ ಇಮಾಂಬಿ ಕೈ ತನ್ನ ರೂಢಿಯಂತೆ ಎರಡು ಬಿಲ್ಲೆ ಹಾಕಿತ್ತು. ಅದು ರಾವ್‌ಗೆ ಗೊತ್ತಿರಲಿಲ್ಲ. ನನಗೆ ಮರೆತುಹೋಗಿತ್ತು.

"ಸೈರನ್ ಆತಲ್ಲ, ಅದನ್ನ ಕಿತ್ತು ಉಡಿಯಾಗ ಹಾಕ್ಕೊಂಡು ಓಡಿದೆ," ಎಂದಳು ಇಮಾಂಬಿ. "ಗುಡಿಗಿ ಹೋಗಿ, ಇದನ್ನ ತಗೋ, ನನ್ನ ಗಂಡನ್ನ ಕೊಡು ಅಂದೆ."

"ಮೂರು ತಿಂಗಳು ಬಾಯಿ ಬಿಡಲಿಲ್ಲಲ್ಲ ಆಪಾ!"

"ಕೊಟ್ಟದ್ದು ಹ್ಯಾಂಗ ಕೇಳೂದು? ದೇವರಿಗಿ ಕೊಟ್ಟದ್ದು." ಅವಳು ಮೂಗು ಒರೆಸಿಕೊಂಡಳು. "ನಿನ್ನೆ ಕುಂತು ವಿಚಾರ ಮಾಡಿದೆ. ಆಕೀ ನನ್ನ ಗಂಡನ್ನ ಕೊಡಲಿಲ್ಲ. ನಾನೂ ಕೊಟ್ಟದ್ದು ವಾಪಸ್ ತಂದೀನಿ. ಲೆಕ್ಕ ಸರಿ ಆತು. ಈಗ ನೀ ಹೇಳು, ಇದರಾಗ ಅವನ ದನಿ ಐತೇನು?"

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಕುಂಕುಮ ಒರೆಸಿ ಬಿಲ್ಲೆಯನ್ನು ಬೆಳಕಿಗೆ ಹಿಡಿದೆ. ಗೆರೆಗಳು ಹೊರಅಂಚಿನವರೆಗೂ ಇದ್ದವು.

"ಐತಿ."

"ಹಂಗಾರ ಅಧಿಕಾರಿಗಿ ಕೊಡು."

"ಕೊಟ್ರ ರಾವ್‌ನ ವಕೀಲ ಏನಂತಾನ ಗೊತ್ತೇನು? ಗುಡಿಯಾಗಿನ ಗಾಜು, ಕಂಪನಿ ಮುದ್ರಿ ಇಲ್ಲ, ತಗದು ಒಗೀರಿ ಅಂತಾನ. ಕೊಡೂದಿಲ್ಲ. ಯಂತ್ರಕ್ಕ ಹಾಕ್ತೀನಿ, ಯಂತ್ರ ತಾನ ಎಬ್ಬಿಸಿದ ಮಾತನ್ನ ಯಾರೂ ಸುಳ್ಳು ಅನ್ನಾಂಗಿಲ್ಲ."

"ಹಾಕಿದ್ರ?"

ಹೇಳಿದೆ. ಮಾತುಗಳು ಬಿಲ್ಲೆಯ ಮೇಲೆ ಒಂದೊಂದಾಗಿ ಇರುವುದಿಲ್ಲ. ಕಳ್ಳಮಾತು ತುರುಕಬಾರದೆಂದು ಪ್ರತಿ ಮಾತನ್ನೂ ಅದರ ಹಿಂದಿನದಕ್ಕೆ ಜಡೆಯಂತೆ ಹೆಣೆದಿರುತ್ತದೆ. ಒಂದು ಎಳೆಯನ್ನು ಮಾತ್ರ ಹೊರಗೆಳೆದರೆ ಅದು ಬರೀ ಗೊರಗೊರ ಸದ್ದು. ಹಾಗಾಗಿ ಮರಳಿಸುವುದಾದರೆ ಊರಿನ ಪೂರ್ತಿ ಜಡೆಯನ್ನೇ ಆ ದಿನಕ್ಕೆ ಮರಳಿಸಬೇಕು. ಒಂದು ಯಂತ್ರದಲ್ಲಿ ಎರಡು ಜಡೆ ಇರುವಂತಿಲ್ಲ, ಎರಡು ಸತ್ಯ ಇದ್ದರೆ ಕಾನೂನು ಎರಡನ್ನೂ ನಂಬುವುದಿಲ್ಲ. ಹಳೆಯದು ಏಳುವಾಗ ಯಂತ್ರ ತಾನೇ ಹೊಸದನ್ನು ಸುಟ್ಟುಹಾಕುತ್ತದೆ, ಅದರ ಬಿಲ್ಲೆಗಳ ಸಮೇತ. ಮತ್ತು ಆ ಅಮಾವಾಸ್ಯೆಯ ಸೈರನ್ ಕೂಗುವ ಹೊತ್ತಿಗೆ ಯಾರ್ಯಾರು "ಕೇಳಿದೆ" ಅಂದಿರಲಿಲ್ಲವೋ ಅವರೆಲ್ಲರ ಮನೆಯಲ್ಲಿ ಗಂಟೆ ಮತ್ತೆ ಬಾರಿಸುತ್ತದೆ.

ಇಮಾಂಬಿ ಮೇಜಿನ ಮೇಲೆ ಉದುರಿದ ಹೂವಿನ ಎಸಳುಗಳನ್ನು ಒಟ್ಟುಮಾಡಿದಳು.

"ಅಂದ್ರ ಈ ಮೂರು ತಿಂಗಳಾಗ ಮಂದಿ ಆಡಿದ್ದು?"

"ಎಲ್ಲಾ ಹೋಗ್ತೈತಿ."

"ನಿಮ್ಮವ್ವಂದು?"

ನಾನು ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿದೆ.

"ಕೇಳಬೇ," ಎಂದಳು ಇಮಾಂಬಿ, "ಅವನು ಜೈಲಿಗಿ ಹೋದ್ರ ನಿನಗ ಸಾಕೇನು?"

"ಇಲ್ಲ," ಎಂದೆ. "ಅವನ ಕಿವಿ ಬೇಕು ನನಗ."

*

ತಮ್ಮನ ಜೊತೆ ಸತ್ತ ಐವರ ಮನೆಗಳಿಗೆ ಹೋಗಿ ಹೇಳಿದೆ. ಉಳಿದ ಊರಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಅನ್ನುವವರಿದ್ದರು: ದೂರದ ಮಗಳು ಬಿಟ್ಟ ಮಾತು, ಹೊಸ ಕೂಸಿನ ಮೊದಲ ಅಳು, ಕೂಡಿಬಂದ ಸಂಬಂಧಗಳ ಒಪ್ಪಿಗೆ. ಬೇಡ ಎಂಬ ಮಾತು ಕೇಳುವ ಮನಸ್ಸು ನನಗಿರಲಿಲ್ಲ.

ಅವ್ವನನ್ನು ಮಾತ್ರ ಕೇಳಿದೆ. ಅಂಗಳದ ಬಿಸಿಲಿಗೆ ಮಂಚ ಹಾಕಿ ಕೂರಿಸಿ, ಕೂದಲು ಬಾಚುತ್ತ, ಎಲ್ಲವನ್ನೂ ಹೇಳಿದೆ.

"ನೀ ದುರುಗಪ್ಪಗ ಹೇಳಿದ್ದೆಲ್ಲ ಹೋಗ್ತೈತಿಬೇ. ನಿನ್ನ ದನಿ ಮತ್ತ ಎಲ್ಲೂ ಉಳಿಯೂದಿಲ್ಲ. ಹೂಂ ಅಂದ್ರ ನನ್ನ ಕೈ ಹಿಡಿ."

ಅವಳ ಎಡಗೈಯನ್ನು ನನ್ನ ಅಂಗೈಯಲ್ಲಿಟ್ಟುಕೊಂಡೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಕೈ ಜಾರಿ ತೊಡೆಯ ಮೇಲೆ ಬಿತ್ತು. ಬೇಡ ಅಂದಳೋ, ಕೈ ಸೋತಿತ್ತೋ.

ಅದನ್ನು ಒಪ್ಪಿಗೆಯೆಂದು ನಾನು ತಿಳಿಯಲಿಲ್ಲ. ಒಪ್ಪಿಗೆಯಿಲ್ಲದೆಯೂ ಮಾಡುವವಳೇ ಇದ್ದೆ. ಜಡೆ ಹೆಣೆದು ಮುಗಿಸಿ, ತುದಿಗೆ ರಿಬ್ಬನ್ ಕಟ್ಟಿ, ಸೀರೆ ಬದಲಿಸಿ ಕೆಲಸಕ್ಕೆ ಹೊರಟೆ.

*

ವಿಚಾರಣೆಯ ಕೊನೆಯ ದಿನ. ಸಾಕ್ಷಿ ಹೇಳುವವರ ಪೆಟ್ಟಿಗೆಯನ್ನು ಸಭಾಂಗಣದ ಧ್ವನಿವರ್ಧಕಕ್ಕೆ ಜೋಡಿಸಿಡುವುದು ಕಾನೂನು, ಅವರ ಮಾತಿನ ಉಸಿರನ್ನು ಎಲ್ಲರೆದುರು ತಾಳೆ ನೋಡಲು. ಜೋಡಿಸುವುದು ನನ್ನ ಕೆಲಸ. ಪಕ್ಕದ ಕೋಣೆಯ ಯಂತ್ರದ ಮುಂದೆ ಕೂತಿದ್ದೆ, ಗಾಜಿನ ಗೋಡೆಯಾಚೆ ರಾವ್‌ನ ಹಿಂದಲೆ ಕಾಣುತ್ತಿತ್ತು. ಹೊಸದಾಗಿ ಕ್ಷೌರ ಮಾಡಿಸಿದ್ದ.

"ಮತ್ತೊಮ್ಮೆ ಹೇಳ್ತೀನಿ," ಎನ್ನುತ್ತಿದ್ದ. "ಒಂದು ಮಾತೂ ಬರಲಿಲ್ಲ. ಬಡವರ ಸಾವಿನಿಂದ ನನಗೂ ನೋವಾಗಿದೆ."

ಬಿಲ್ಲೆಯನ್ನು ಒಳಗಿಟ್ಟೆ. ಯಂತ್ರ ಕೇಳಿತು: ಹಳೆಯ ಜಡೆಯನ್ನು ಎಬ್ಬಿಸಲೇ? ನಂತರದ್ದೆಲ್ಲ ನಾಶವಾಗುತ್ತದೆ.

"ಎಬ್ಬಿಸು," ಎಂದೆ. ನನ್ನ ಉಸಿರನ್ನು ಅದು ಗುರುತಿಸಿತು.

ಯಂತ್ರದ ಹಿಂದೆ ಬಿಲ್ಲೆಗಳ ಗೂಡಿನಲ್ಲಿ ಸಣ್ಣಗೆ ಚಟಚಟ ಸದ್ದಾಯಿತು, ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ. ಆ ಚಟಚಟದಲ್ಲಿ ಅವ್ವನ ದನಿ ಎಲ್ಲಿತ್ತೋ, ಯಾವ ಮಾತಿನಲ್ಲಿ ನನ್ನ ಹೆಸರಿತ್ತೋ. ನಾನು ಕಿವಿ ಮುಚ್ಚಿಕೊಳ್ಳಲಿಲ್ಲ.

ಮೊದಲು ಕಾಲನಿಯ ಕಡೆಯಿಂದ ಕೇಳಿಸಿತು. ಒಂದು ಮನೆಯಲ್ಲಿ ಗಂಟೆ, ಇನ್ನೊಂದರಲ್ಲಿ, ಆಮೇಲೆ ಸಾಲುಮನೆಗಳ ಉದ್ದಕ್ಕೂ. ಅಧಿಕಾರಿ ತಲೆಯೆತ್ತಿ ಕಿಟಕಿಯತ್ತ ನೋಡಿದರು. ಆಗಲೇ ಸಭಾಂಗಣದ ಧ್ವನಿವರ್ಧಕವೂ ಬಾರಿಸಿತು.

ಯಂತ್ರ ತನ್ನ ಬಣ್ಣವಿಲ್ಲದ ದನಿಯಲ್ಲಿ ಹೇಳಿತು: "ಸುಧನ್ವ ರಾವ್ ಅವರ ಪೆಟ್ಟಿಗೆ. ಕೆಳಗಿನ ಪಾಳಿಯಿಂದ ಮೂರು ಮಾತು. ಒಂದು ಕೇಳಿದ್ದು. ಎರಡು ಕೇಳದ್ದು."

"ಏನಿದು?" ರಾವ್ ಅರ್ಧ ಎದ್ದು ನಿಂತ. "ಯಾರು… ನಿಲ್ಸ್ರೀ ಅದನ್ನ!"

"ಕೂತ್ಕೊಳ್ಳಿ," ಎಂದರು ಅಧಿಕಾರಿ. "ಕೇಳಿದ್ದು ಅಂತಿದೆಯಲ್ಲ. ಹಾಕಲಿ."

ದುರುಗಪ್ಪ ಬಂದ. ಅವನ ದನಿ ಸಭಾಂಗಣದ ಒಳಗೆ ಬಂದು ಕೂತಿತು.

"ಸಾಹೇಬ್ರ, ದುರುಗಪ್ಪರೀ. ಹಳೇ ಸುರಂಗದ ಗ್ವಾಡಿ ಬಾಯಿ ಬಿಟ್ಟೈತಿ, ನೀರು ಬರಾಕತ್ತೈತಿ. ಪಾದ ಮುಳುಗ್ಯಾವ. ಕೇಜು ಎತ್ತಾಕ ಒಂದು ಮಾತು ಕೊಡ್ರಿ."

ಅದರ ಕೊನೆಗೆ, ಹೆಣೆದ ಜಡೆಯ ಗಂಟಿನಂತೆ, ಹವಾಮಾನ ಓದುವವನ ದನಿ: "ಕೇಳಿದೆ."

ಯಾರೋ ಹಿಂದಿನ ಸಾಲಿನಲ್ಲಿ ಉಸಿರೆಳೆದುಕೊಂಡರು. ರಾವ್‌ನ ಮೈಯೆಲ್ಲ ಕುರ್ಚಿಗೆ ಒತ್ತಿಕೊಂಡಿತ್ತು.

"ಮೇಡಂ, ಅದು… ಅವತ್ತು ಅಮಾವಾಸ್ಯೆ. ಬೆಳಿಗ್ಗೆಯಿಂದ ಇಳಿಯೋದಕ್ಕೆ ನೂರು ನೆಪ ಹೇಳಿದ್ರು. ಇದೂ ಅದೇ ನೆಪ ಅಂತ ತಿಳ್ಕೊಂಡೆ. ಮನುಷ್ಯ ಅಲ್ವಾ ನಾನೂ?"

"ಅಂದರೆ ಮಾತು ಬಂದಿತ್ತು," ಎಂದರು ಅಧಿಕಾರಿ.

ಎರಡನೆಯದು ತಾನಾಗಿಯೇ ಶುರುವಾಯಿತು.

"ಸಾಹೇಬ್ರ, ಹಸಿರು ದೀಪ ಹತ್ತೈತಿ. ನೀವು ಕೇಳೀರಿ. ಕೇಳಿ ಯಾಕ ಸುಮ್ಮನದೀರಿ? ಸೊಂಟದ ಮಟ ಬಂದೈತಿ. ದಸ್ತಗೀರ್ ಮಾಮಾಗ ಈಜು ಬರೂದಿಲ್ಲರೀ. ಅಮಾಸಿ ನೆವ ಅಲ್ಲ, ನಮ್ಮವ್ವನ ಆಣಿ, ನೆವ ಅಲ್ಲ."

ಮುಗಿಯಿತು. ಯಂತ್ರ ಕಾಯಿತು, ಕೇಳಿದವನು ಕೇಳಿದೆ ಅನ್ನಲಿ ಎಂದು. ರಾವ್ ಬಾಯಿ ತೆರೆಯಲಿಲ್ಲ. ಗಂಟೆ ಬಾರಿಸಿತು. ಮೂರನೆಯದು ಬಂತು. ಅದರಲ್ಲಿ ನೀರಿನ ಸದ್ದೇ ಹೆಚ್ಚು.

"ಅಕ್ಕಾ… ನಿನ್ನ ಪೆಟ್ಟಿಗಿಗಿ ಹೋಗವಲ್ದು, ಇಲ್ಲಿಂದ ಸಾಹೇಬರ ಪೆಟ್ಟಿಗಿ ಒಂದಕ್ಕ ದಾರಿ. ಅವರು ಕೇಳಿದ್ರ ನಿನಗ ಹೇಳಲಿ. ನಿನ್ನ ಮಷಿನ್ ಚಲೋ ಐತಿ. ಮಾತು ಮುಟ್ಯಾವ. ನಿಂದೇನೂ…"

ಅಲ್ಲಿಗೆ ಸೈರನ್.

ಇಮಾಂಬಿ ಬಾಗಿಲ ಹತ್ತಿರ ನೆಲದ ಮೇಲೆ ಕೂತುಬಿಟ್ಟಿದ್ದಳು. ನಾನು ಅಳಲಿಲ್ಲ. ಗಾಜಿನ ಗೋಡೆಯ ಆಚೆ ಹೋಗಿ ರಾವ್‌ನ ಎದುರು ನಿಂತೆ.

"ಕೇಳಿದೆ ಅನ್ರಿ ಸಾಹೇಬ್ರ."

ಅವನು ನನ್ನನ್ನು ನೋಡಲಿಲ್ಲ, ಪಕ್ಕದಲ್ಲಿದ್ದ ವಕೀಲನನ್ನು ನೋಡಿದ. ವಕೀಲ ತಲೆಯಲ್ಲಾಡಿಸಿದ, ಬೇಡ ಎಂದು. ಮೊದಲ ಮಾತನ್ನು ನೆಪವೆಂದು ತಿಳಿದೆ ಅನ್ನಬಹುದು, ಆದರೆ ಮುಳುಗುತ್ತಿದ್ದವರ ಮಾತನ್ನೂ ಕೇಳಿದೆ ಎಂದು ತನ್ನ ಉಸಿರಿನಲ್ಲಿ ಒಪ್ಪಿಕೊಂಡರೆ ಅದು ಆರು ಕೊಲೆಗೆ ಸಹಿ ಹಾಕಿದಂತೆ. ಅನ್ನದಿದ್ದರೆ ಪೆಟ್ಟಿಗೆಗೆ ಬೀಗ.

ಗಂಟೆ ಬಾರಿಸಿತು. ರಾವ್ ತುಟಿ ಬಿಗಿದ. ಹಾಗೆ ಬಿಗಿದದ್ದನ್ನು ಮತ್ತೆ ತೆರೆಯಲಿಲ್ಲ.

*

ರಾವ್‌ನ ಕೆಲಸ ಹೋಯಿತು, ಮೊಕದ್ದಮೆ ಮೇಲಿನ ನ್ಯಾಯಾಲಯಕ್ಕೆ ಹೋಯಿತು. ಅದು ಮುಗಿಯುವವರೆಗೆ ಅವನು ಹಿರೇಗುಡ್ಡ ಬಿಡುವಂತಿಲ್ಲ. ಬಿಡಬೇಕೆಂದರೂ ಬಸ್ಸು ಅವನ ಮಾತಿಗೆ ಬಾಗಿಲು ತೆರೆಯುವುದಿಲ್ಲ. ಬಂಗಲೆಯ ಹೆಂಚಿನ ಕೆಳಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆ ಬಾರಿಸುತ್ತದೆ, ನನ್ನ ತಮ್ಮ ಮಾತಾಡುತ್ತಾನೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳೆಂದು ಹಾಲಿನವನು ಹೇಳಿದ. ಅವನಿಗೆ ಊಟ ಯಾರೋ ಗೇಟಿನಲ್ಲಿ ಇಟ್ಟು ಹೋಗುತ್ತಾರಂತೆ.

ಊರು ನನ್ನನ್ನೂ ಕ್ಷಮಿಸಿಲ್ಲ. ಎದುರುಮನೆಯ ಗಿರಿಜವ್ವ ನನ್ನ ಮುಖ ಕಂಡರೆ ಉಗುಳುತ್ತಾಳೆ. ಹೆರಿಗೆಯಲ್ಲಿ ಸತ್ತ ಮಗಳ ದನಿ ಆ ಮೂರು ತಿಂಗಳಲ್ಲಿತ್ತು. ಉಗುಳಲಿ. ಅದು ಅವಳ ಹಕ್ಕು.

ಒಂದು ಬೆಳಿಗ್ಗೆ ರಾವ್ ನಡೆದೇ ನಮ್ಮ ಮನೆಗೆ ಬಂದ. ಗಡ್ಡ ಬೆಳೆದಿತ್ತು. ಹೊಸಿಲಾಚೆಯೇ ನಿಂತ.

"ಅಳಿಸಿಬಿಡಿ," ಎಂದ. ಬಹಳ ದಿನ ಬಳಸದ ದನಿ, ತುಕ್ಕು ಹಿಡಿದಿತ್ತು. "ನಿಮಗೆ ಬರುತ್ತೆ ಅಂತ ಗೊತ್ತು. ನಿದ್ದೆಯಲ್ಲೂ ಅದೇ. ಸೊಂಟದ ಮಟ, ಸೊಂಟದ ಮಟ… ಕಾಲಿಗೆ ಬೀಳಲಾ?"

"ಅಳಿಸೋ ಹಕ್ಕು ಮ್ಯಾನೇಜರ್‌ಗಷ್ಟ ಇತ್ತು. ನನಗಿಲ್ಲ," ಎಂದೆ. "ಒಂದು ಮಾತು ಅನ್ರಿ, ನಿಲ್ಲತೈತಿ. ಅವರು ಕೇಳಿದ್ದೂ ಒಂದ ಮಾತು."

"ಅಂದ್ರೆ ಗಲ್ಲು."

"ಹಂಗಾರ ಕೇಳಕೋತ ಕೂಡ್ರಿ."

ಅವನು ಹೋಗಲಿಲ್ಲ. ಆಗಲೇ ನಮ್ಮ ಮನೆಯೊಳಗೂ ಗಂಟೆ ಬಾರಿಸಿತು.

ಅದು ಅವ್ವನ ಪೆಟ್ಟಿಗೆ. ಮುದುಕಿಯರೆಲ್ಲ ಹಾಗೆ, ಪೆಟ್ಟಿಗೆಯನ್ನು ತಮ್ಮ ದನಿಗಷ್ಟೇ ತೆರೆಯುವಂತೆ ಇಟ್ಟುಕೊಳ್ಳುವುದಿಲ್ಲ. ಗಂಟೆ ಬಾರಿಸಿದ ಕೂಡಲೇ ಮಾತು ತಾನೇ ಹೊರಗೆ ಬರುತ್ತದೆ. ಆ ಅಮಾವಾಸ್ಯೆಯ ಬೆಳಿಗ್ಗೆ ಅವಳು ಗುಡಿಗೆ ಹೋಗಿದ್ದಾಗ ದುರುಗಪ್ಪ ಕೇಜು ಹತ್ತುವ ಮೊದಲು ಬಿಟ್ಟ ಮಾತು. ಅದನ್ನು ಅವಳು ಸೈರನ್ ಆದಮೇಲೆ ಮನೆಗೆ ಬಂದು ಕೇಳಿದ್ದಳು, ಕೇಳಿದೆನಪ್ಪಾ ಎಂದಿದ್ದಳು. ಈಗ ಜಡೆ ಹಿಂದಕ್ಕೆ ಹೋಗಿ ಅದು ಮತ್ತೆ ಕೇಳದ ಮಾತಾಗಿತ್ತು.

"ಯವ್ವಾ, ಇವತ್ತ ಅಮಾಸಿ. ನನ್ನ ಪಾಲಿನ ಹೋಳಗಿ ಅಕ್ಕ ತಿಂದಾಳು, ಭಾಳ ಹೊಟ್ಟಿಬಾಕಿ ಐತಿ ಅದು. ಬಚ್ಚಿಡು. ಬಂದಮ್ಯಾಲ ತಿಂತೀನಿ."

ರಾವ್ ಆ ದನಿ ಕೇಳಿ ಕಂಬಕ್ಕೆ ಕೈಯಾನಿಸಿದ. ಇಲ್ಲಿ ನೀರಿರಲಿಲ್ಲ, ಹೆದರಿಕೆಯಿರಲಿಲ್ಲ, ನಗು ಇತ್ತು. ದುರುಗಪ್ಪ ನಗುವುದನ್ನು ಅವನು ಎಂದೂ ಕೇಳಿರಲಿಲ್ಲ. ಒಂದು ಗಳಿಗೆ ನಿಂತು, ಹಿಮ್ಮುಖವಾಗಿಯೇ ಅಂಗಳ ದಾಟಿ, ಓಡಿದ.

ನಾನು ಒಳಗೆ ತಿರುಗಿದೆ. ಅವ್ವ ಮಂಚದ ಮೇಲೆ ಪೆಟ್ಟಿಗೆಗೆ ಕಿವಿಯಿಟ್ಟು ಕೂತಿದ್ದಳು. ಯಂತ್ರ ಕಾಯುತ್ತಿತ್ತು, ಕೇಳಿದೆ ಅಂದರೆ ಆ ದನಿ ಮತ್ತೆ ಬಾರದು. ಈಚೆಗೆ ಅವಳಿಗೆ ದನಿ ಸ್ವಲ್ಪ ಸ್ವಲ್ಪ ಮರಳುತ್ತಿದೆ. ನಿನ್ನೆ ನೀರು ಕೇಳಿದ್ದಳು, ಸ್ಪಷ್ಟವಾಗಿ, "ನೀರು" ಎಂದು. ಡಾಕ್ಟರಿಗೆ ಆಶ್ಚರ್ಯ.

ಅವಳ ತುಟಿ ಅಲುಗಿತು. "ಕೇ…" ಎಂಬವರೆಗೆ ಬಂತು.

ನನ್ನನ್ನು ನೋಡಿದಳು. ಎಡಗೈ ನಿಧಾನವಾಗಿ ಎದ್ದು ನನ್ನ ಕೈ ಹಿಡಿಯಿತು, ಬಿಗಿಯಾಗಿ. ಆಮೇಲೆ ಅವಳು ಬಾಯಿ ಮುಚ್ಚಿಕೊಂಡಳು.

ಗಂಟೆ ಮಧ್ಯಾಹ್ನ ಮತ್ತೆ ಬಾರಿಸುತ್ತದೆ. ಇಲ್ಲಿಯೂ, ಬಂಗಲೆಯಲ್ಲಿಯೂ.